ಬೆಕ್ಕಿನ ಗೇಮ್ ಯಾರಿಗೆ ನೆನಪಿದೆ? (ಕ್ಯಾಪ್ಟನ್ ಕ್ಲಾ, 1997)

ಸ್ಪೇಸ್‌ಬಾರ್_ಸೀನ:
ಭಾನುವಾರ ಅಟ್ಟ ಕ್ಲೀನ್ ಮಾಡ್ತಿದ್ದಾಗ ಹಳೇ ಸಿಡಿ ಪೌಚ್ ಒಂದು ಸಿಕ್ತು. ಅದರಲ್ಲಿ ಒಂದರ ಮೇಲೆ ಹಸಿರು ಮಾರ್ಕರ್‌ನಲ್ಲಿ "ಗೇಮ್ಸ್ 3, ಬೆಕ್ಕು" ಅಂತ ಬರೆದಿತ್ತು. ದೊಡ್ಡಪ್ಪನ ಮಗನ ಕೈಬರಹ. ಅದನ್ನ ಹಿಡ್ಕೊಂಡು ಅಟ್ಟದ ಮೇಲೇ ಕೂತುಬಿಟ್ಟೆ, ಕೆಳಗಿಂದ ಹೆಂಡತಿ ಏಣಿ ಹಿಡಿದು ನಿಂತಿದಾಳೆ ಅನ್ನೋದೇ ಮರೆತುಹೋಯ್ತು.

2002ರ ಬೇಸಿಗೆ ರಜೆ, ದಾವಣಗೆರೆಯ ದೊಡ್ಡಪ್ಪನ ಮನೆ. ಕಂಪ್ಯೂಟರ್ ಮೇಲೆ ದೊಡ್ಡಮ್ಮ ಕ್ರೋಶಾ ಹಾಕಿದ ಬಿಳಿ ಬಟ್ಟೆ, ಆಡೋಕೆ ಮುಂಚೆ ಅದನ್ನ ಮಡಚಿ ಇಡಬೇಕು, ಆಡಿದ ಮೇಲೆ ವಾಪಸ್ ಹೊದಿಸಬೇಕು. ಇದ್ದಿದ್ದು ಒಂದೇ ಕೀಬೋರ್ಡ್, ನಾವು ಮೂರು ಜನ. ಬಾಣದ ಕೀಲಿಗಳು ಅಣ್ಣನಿಗೆ. ಕತ್ತಿ ಬೀಸೋ ಕಂಟ್ರೋಲ್ ಕೀಲಿ ಅಕ್ಕನಿಗೆ. ನಾನು ಎಲ್ಲರಿಗಿಂತ ಚಿಕ್ಕವನು, ನನಗೆ ಸ್ಪೇಸ್‌ಬಾರ್ ಮಾತ್ರ. ಅಣ್ಣ "ಹಾರು" ಅಂದ್ರೆ ಹಾರಿಸೋದು. ಒಂಚೂರು ತಡವಾದ್ರೆ ಬೆಕ್ಕು ಮುಳ್ಳಿನ ಮೇಲೆ, ನನ್ನ ತಲೆ ಮೇಲೆ ಮೊಟಕು.

ನಮ್ಮ ಸಿಡಿಯಲ್ಲಿ ವಿಡಿಯೋಗಳೇ ಇರಲಿಲ್ಲ, ಜಾಗ ಉಳಿಸೋಕೆ ಯಾರೋ ಕತ್ತರಿಸಿದ್ರು. ಬೆಕ್ಕು ಜೈಲಿಗೆ ಯಾಕೆ ಹೋಯ್ತು ಅನ್ನೋದೇ ಗೊತ್ತಿರಲಿಲ್ಲ. ದೊಡ್ಡಮ್ಮನ್ನ ಕೇಳಿದ್ರೆ "ಇನ್ನೇನು, ಹಾಲು ಕುಡಿದಿರುತ್ತೆ" ಅಂದಿದ್ರು. ಇಪ್ಪತ್ತು ವರ್ಷ ನನ್ನ ತಲೇಲಿ ಅದೇ ಕಥೆ. ಹೋದ ವಾರ ಯೂಟ್ಯೂಬ್‌ನಲ್ಲಿ ವಿಡಿಯೋಗಳನ್ನೆಲ್ಲ ಒಟ್ಟಿಗೆ ನೋಡಿದೆ. ಕಡಲ್ಗಳ್ಳ ಅಂತೆ, ನಾಯಿಗಳ ಸೈನ್ಯ ಹಡಗು ಮುಳುಗಿಸಿ ಹಿಡಿದಿದ್ದಂತೆ, ಜೈಲಿನ ಗೋಡೆಯೊಳಗೆ ಪತ್ರ ಮತ್ತು ನಕ್ಷೆಯ ತುಂಡು ಸಿಗುತ್ತಂತೆ, ಒಂಬತ್ತು ರತ್ನ ಸೇರಿಸಿದ್ರೆ ಒಂಬತ್ತು ಜೀವ ಕೊಡೋ ತಾಯತವಂತೆ! ನಾವು ರತ್ನ ಸಿಕ್ಕಾಗ "ಪಾಯಿಂಟ್ ಜಾಸ್ತಿ" ಅಂತಷ್ಟೇ ಖುಷಿ ಪಟ್ಟಿದ್ವಿ.

ಇಲ್ಲಿ ಯಾರಾದ್ರೂ 14 ಲೆವೆಲ್ ಪೂರ್ತಿ ಮುಗಿಸಿದೀರಾ? ಇನ್ನೊಂದು, ವಿಂಡೋಸ್ 11ರಲ್ಲಿ ಹಾಕಿದ್ರೆ ಕಪ್ಪು ಪರದೆ ಬಂದು ನಿಂತುಬಿಡುತ್ತೆ. ಮಗಳಿಗೆ ತೋರಿಸ್ಬೇಕು, ಯಾರಾದ್ರೂ ದಾರಿ ಹೇಳಿ.

ಗಿರ್ಮಿಟ್_ಮಿರ್ಚಿ:
ಏನ್ ನೆನಪ್ ಮಾಡಿದ್ರೀ ಸರ! ಹುಬ್ಬಳ್ಳ್ಯಾಗ ನಮ್ಮ ಓಣಿ ಸೈಬರ್ ಕೆಫೆದಾಗ ತಾಸಿಗೆ 20 ರೂಪಾಯಿ. ಇಬ್ರು ಕೂಡಿ ಹತ್ತ್ ಹತ್ತ್ ರೂಪಾಯಿ ಹಾಕಿ ಕುಂದ್ರತಿದ್ವಿ. ಸೇವ್ ಮಾಡೂದು ಎಲ್ಲಾ ಕಡೆ ಆಗ್ತಿದ್ದಿಲ್ಲ, ದೊಡ್ಡ ಚೆಕ್‌ಪಾಯಿಂಟ್ ಮುಟ್ಟಿದ್ರಷ್ಟ. ಅಲ್ಲೀತನಾ ಹೋಗೂದ್ರಾಗ ಕೆಫೆ ಅಣ್ಣ "ಟೈಮ್ ಆತಪಾ" ಅಂತ ಬಂದ್ ಹಿಂದ ನಿಂತಿರ್ತಿದ್ದ. ಸೇವ್ ಆದ್ರೂ ಮರುದಿನ ಹೋಗಿ ನೋಡಿದ್ರ ಬ್ಯಾರೆ ಯಾವನೋ ನಮ್ಮದರ ಮ್ಯಾಲೆ ತನ್ನ ಸೇವ್ ಹಾಕಿ ಹೋಗಿರ್ತಿದ್ದ. ಒಂದ್ ವರ್ಷ ಆಡೇನಿ, ನಾಕನೇ ಲೆವೆಲ್ ದಾಟಿಲ್ಲ.

ಪಾಯಿಂಟ್_ಕ್ಲಿಕ್_ಪಂಡಿತ:
ಸಣ್ಣ ತಿದ್ದುಪಡಿ. ಇದನ್ನ ಅಡ್ವೆಂಚರ್ ಗೇಮ್ ವಿಭಾಗದಲ್ಲಿ ಹಾಕಿದೀರಿ. ಅಡ್ವೆಂಚರ್ ಅಂದ್ರೆ 1990ರ ಮಂಕಿ ಐಲ್ಯಾಂಡ್ ಥರದ್ದು, ಮಾತಾಡಿಸಿ, ವಸ್ತು ಹುಡುಕಿ, ಒಗಟು ಬಿಡಿಸೋದು. ಕ್ಲಾ ಬರೀ ಓಡಿ ಹಾರಿ ಹೊಡೆಯೋ ಪ್ಲಾಟ್‌ಫಾರ್ಮರ್.

ಕುಡ್ಲದ_ಕಡ್ಲೆ:
ಎಂತ ಮಾರಾಯ್ರೆ, ಜೈಲಿಂದ ತಪ್ಪಿಸಿಕೊಂಡು, ಕಾಡು ದಾಟಿ, ಊರು ದಾಟಿ, ಬಂದರು, ಕಡಲಡಿಯ ಗುಹೆ, ಹುಲಿಗಳ ದ್ವೀಪ, ಕಡೆಗೆ ದೇವಸ್ಥಾನ. ಇದು ಸಾಹಸ ಅಲ್ಲದಿದ್ರೆ ಮತ್ತೆಂತ, ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದ್ದಾ?

ಪಾಯಿಂಟ್_ಕ್ಲಿಕ್_ಪಂಡಿತ:
ನಾನು ಹೇಳ್ತಿರೋದು ಪ್ರಕಾರದ ಬಗ್ಗೆ, ಕಥೆ ಬಗ್ಗೆ ಅಲ್ಲ.

ಕುಡ್ಲದ_ಕಡ್ಲೆ:
ಗೋಡೆ ಒಳಗೆ ಕದ್ದು ಮುಚ್ಚಿದ ದಾರಿ ಹುಡುಕ್ಲಿಕ್ಕೆ ಉಂಟು. ವಾರ್ಪ್ ಅಂತ ಮಾಯಾದ್ವಾರ ಸಿಕ್ಕಿದ್ರೆ ನಿಧಿಯ ಕೋಣೆಗೆ ಹೋಗ್ಲಿಕ್ಕೆ ಉಂಟು. ನಾಣ್ಯ, ಚಿನ್ನದ ಗಟ್ಟಿ, ಬಟ್ಟಲು, ಕಿರೀಟ, ತಲೆಬುರುಡೆ ಅಂತ ಲೆಕ್ಕ ಹಾಕ್ಲಿಕ್ಕೆ ಉಂಟು. ನನಗೆ ಇಷ್ಟು ಸಾಕು.

ಹಳೇ_ಮದರ್‌ಬೋರ್ಡ್:
ಜಗಳ ಆಮೇಲೆ ಆಡಿ. ಈ ಗೇಮ್ ಹೊರಗಡೆ ಯಾಕೆ ಹೆಸರು ಮಾಡಲಿಲ್ಲ, ನಮ್ಮ ಕಡೆ ಯಾಕೆ ಅಷ್ಟು ಓಡಿತು ಅನ್ನೋದು ನನಗೆ ಬಹಳ ದಿನದಿಂದ ಇರೋ ಕುತೂಹಲ.

ಮಾಡಿದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೋನೊಲಿತ್ ಪ್ರೊಡಕ್ಷನ್ಸ್. 1997ರಲ್ಲಿ ಬಂತು. ಆದರೆ 1996ರಲ್ಲೇ ಕ್ವೇಕ್, ಟೂಂಬ್ ರೈಡರ್, ಸೂಪರ್ ಮಾರಿಯೊ 64 ಮೂರೂ ತ್ರೀಡಿ ಗೇಮ್‌ಗಳು ಬಂದುಹೋಗಿದ್ವು. ಎಲ್ಲರ ಬಾಯಲ್ಲೂ ತ್ರೀಡಿ, ಅದನ್ನ ಓಡಿಸೋ ವೂಡೂ ಗ್ರಾಫಿಕ್ಸ್ ಕಾರ್ಡ್. ಆ ಹೊತ್ತಲ್ಲಿ ಇವರು ಕೈಯಲ್ಲಿ ಬರೆದ ಕಾರ್ಟೂನಿನ ಥರ, ಪಕ್ಕದಿಂದ ಪಕ್ಕಕ್ಕೆ ಓಡೋ ಬೆಕ್ಕನ್ನ ತಂದು ನಿಲ್ಲಿಸಿದ್ರು. ಅಂಗಡಿಯಲ್ಲಿ ಅದು ಹಳೇ ಕಾಲದ ಆಟದ ಥರ ಕಂಡಿರುತ್ತೆ.

ನಮ್ಮಲ್ಲಿ ಲೆಕ್ಕ ಉಲ್ಟಾ. ತ್ರೀಡಿ ಕಾರ್ಡ್ ಯಾರ ಹತ್ರ ಇತ್ತು? ಶಾಲೆಯ ಲ್ಯಾಬಲ್ಲಿ, ಕಂಪ್ಯೂಟರ್ ಕ್ಲಾಸಲ್ಲಿ, ಅಪ್ಪನ ಆಫೀಸಿಂದ ಬಂದ ಸೆಕೆಂಡ್ ಹ್ಯಾಂಡ್ ಡಬ್ಬದಲ್ಲಿ ಕ್ಲಾ ಗ್ರಾಫಿಕ್ಸ್ ಕಾರ್ಡ್ ಕೇಳದೆ ಓಡ್ತಿತ್ತು. ಅಲ್ಲಿ ಅದನ್ನ ಹಿಂದೆ ಹಾಕಿದ ಕಾರಣವೇ ಇಲ್ಲಿ ಅದನ್ನ ಮುಂದೆ ತಂತು. ಪೋಲೆಂಡಿನಲ್ಲೂ ಹೀಗೇ ಪ್ರಾಣ ಬಿಡೋ ಅಭಿಮಾನಿಗಳಿದಾರೆ, ಅಲ್ಲಿ ಇದಕ್ಕೆ "ಕಪಿತಾನ್ ಪಜೂರ್" ಅಂತ ಹೆಸರು.

ಇನ್ನೊಂದು ವಿಷಯ, ಅದೇ ಕಂಪನಿ ಅದೇ ವರ್ಷ ಬ್ಲಡ್ ಅನ್ನೋ ರಕ್ತಸಿಕ್ತ ಶೂಟರ್ ಕೂಡ ಮಾಡಿತ್ತು. ಅದರ ನಾಯಕ ಕೇಲೆಬ್‌ಗೂ ನಮ್ಮ ಬೆಕ್ಕಿಗೂ ಧ್ವನಿ ಕೊಟ್ಟಿದ್ದು ಒಬ್ಬರೇ, ಸ್ಟೀಫನ್ ವೈಟ್. ಗೊತ್ತಾದ ಮೇಲೆ ಎರಡನ್ನೂ ಒಟ್ಟಿಗೆ ಕೇಳಿ, ನಗು ತಡೆಯೋಕಾಗಲ್ಲ.

ಬೆಂಗ್ಳೂರ್_ಬಸ್_ಪಾಸ್:
"ಹೆಸರು ಮಾಡಲಿಲ್ಲ" ಅಂತ ಒಪ್ಪಲ್ಲ ಗುರೂ. ಎಸ್‌ಪಿ ರೋಡಲ್ಲಿ 50 ರೂಪಾಯಿಗೆ "100 ಗೇಮ್ಸ್" ಅಂತ ಮಾರ್ತಿದ್ದ ಯಾವ ಸಿಡಿ ತಗೊಂಡ್ರೂ ಈ ಬೆಕ್ಕು ಇದ್ದೇ ಇರ್ತಿತ್ತು. ನೂರರಲ್ಲಿ ಎಂಬತ್ತು ಓಪನ್ನೇ ಆಗ್ತಿರಲಿಲ್ಲ, ಅದು ಬೇರೆ ಮಾತು.

ಹಳೇ_ಮದರ್‌ಬೋರ್ಡ್:
ಎಸ್‌ಪಿ ರೋಡ್ ಪ್ರಪಂಚ ಅಲ್ಲ ಸ್ವಾಮಿ.

ಬೆಂಗ್ಳೂರ್_ಬಸ್_ಪಾಸ್:
2001ರಲ್ಲಿ ನನಗೆ ಅದೇ ಪ್ರಪಂಚ.

ಮೂರನೇ_ಬೆಂಚು:
ಎಂಪಿಕೆಎಫ್ಎ. ಅಷ್ಟೇ. ಬಂದೆ, ಹೇಳಿದೆ, ಹೊರಟೆ.

ಗಿರ್ಮಿಟ್_ಮಿರ್ಚಿ:
ಯಪ್ಪಾ! ಇದನ್ನ 2003ರಾಗ ಹೇಳಿದ್ರ ನಿಮಗ ಒಂದ್ ಪ್ಲೇಟ್ ಗಿರ್ಮಿಟ್ ಕೊಡಸ್ತಿದ್ದೆ.

ಲ್ಯಾಬ್_ಮೇಷ್ಟ್ರು:
ಟೈಪ್ ಮಾಡಿದರೆ ಆಟ ಸುಲಭವಾಗುವ ಆ ಚೀಟ್ ಕೋಡಿನಿಂದಲೇ ನಾನು ಕಳ್ಳರನ್ನು ಹಿಡಿಯುತ್ತಿದ್ದೆ! ಶಿವಮೊಗ್ಗ ಕಡೆಯ ಒಂದು ಶಾಲೆಯಲ್ಲಿ ಆರು ವರ್ಷ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡವನು ನಾನು. ಹುಡುಗರು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎಂಪಿ ಎಂಪಿ ಎಂದು ಸಾಲಾಗಿ ಬರೆದುಕೊಂಡಿರುತ್ತಿದ್ದರು. ಮೊದಲು ನಾನೂ ಸಮಾಜ ವಿಜ್ಞಾನದ ಟಿಪ್ಪಣಿ, ಲೋಕಸಭಾ ಸದಸ್ಯರ ಬಗ್ಗೆ ಏನೋ ಬರೆದಿದ್ದಾರೆ ಎಂದುಕೊಂಡಿದ್ದೆ.

ಪ್ರತಿ ಶನಿವಾರ ಹತ್ತೂ ಮೆಷೀನಿನಿಂದ ಗೇಮ್ ಅಳಿಸುತ್ತಿದ್ದೆ. ಸೋಮವಾರ ಮತ್ತೆ ಇರುತ್ತಿತ್ತು. ಎಲ್ಲಿಂದ ಬರುತ್ತದೆ ಎಂದು ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ ಏಳನೇ ಮೆಷೀನಿನಲ್ಲಿ "ಇಂಗ್ಲಿಷ್ ಗ್ರಾಮರ್" ಅನ್ನೋ ಫೋಲ್ಡರ್, ಅದರೊಳಗೆ "ಟೆನ್ಸಸ್", ಅದರೊಳಗೆ "ಪಾಸ್ಟ್ ಪರ್ಫೆಕ್ಟ್" ಸಿಕ್ಕಿತು. ಪಾಸ್ಟ್ ಪರ್ಫೆಕ್ಟ್ ಒಳಗೆ ಬೆಕ್ಕು ಕೂತಿತ್ತು. ಆ ಫೋಲ್ಡರ್ ಮಾತ್ರ ಅಳಿಸಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ನಾನೂ ಆಡುತ್ತಿದ್ದೆ.

ಮೂರನೇ_ಬೆಂಚು:
ಸಾರ್ ನಿಮ್ಮ ಶಾಲೆ ಯಾವುದು ಅಂತ ಕೇಳಲ್ಲ, ಆದ್ರೆ ನನಗೆ ಈಗ ಬೆವರು ಬರ್ತಿದೆ.

ಹಳೇ_ಮದರ್‌ಬೋರ್ಡ್:
ಮೇಷ್ಟ್ರೇ, ಆ ಎಂಪಿ ಅಂದ್ರೆ ಮೋನೊಲಿತ್ ಪ್ರೊಡಕ್ಷನ್ಸ್‌ನ ಮೊದಲಕ್ಷರಗಳು. ಅವರದೇ 1998ರ ಶೋಗೋ ಆಟದಲ್ಲೂ ಕೋಡುಗಳು ಎಂಪಿ ಅಂತಲೇ ಶುರುವಾಗ್ತವೆ. ಕೆಎಫ್ಎ ಅನ್ನೋದು ಡೂಮ್ ಆಟದ ಐಡಿಕೆಎಫ್ಎಗೆ ಹೊಡೆದ ಸಲಾಮು. ಡೂಮ್‌ನಲ್ಲಿ ಅದು ಕೀಲಿ, ಗುಂಡು ಎಲ್ಲ ಕೊಡ್ತಿತ್ತು. ಕ್ಲಾದಲ್ಲಿ ಅದನ್ನ ಹಾಕಿದ್ರೆ ಶತ್ರುಗಳ ಏಟು ತಾಗಲ್ಲ. ಜೀವ ತುಂಬಿಸೋಕೆ ಎಂಪಿಆಪಲ್, ಪಿಸ್ತೂಲು-ಡೈನಮೈಟ್ ತುಂಬಿಸೋಕೆ ಎಂಪಿಲೋಡೆಡ್.

ಅಕ್ಕನ_ಟರ್ನ್:
ಇಷ್ಟು ಹೊತ್ತಿಂದ ಓದ್ತಾ ಇದೀನಿ, 14 ಲೆವೆಲ್ ಮುಗಿಸಿದವರು ಯಾರು ಅನ್ನೋ ಪ್ರಶ್ನೆಗೆ ಒಬ್ಬರೂ ಉತ್ತರ ಕೊಟ್ಟಿಲ್ಲ. ನಾನು ಮುಗಿಸಿದೀನಿ. ಚೀಟ್ ಇಲ್ಲದೆ.

ಬೆಂಗ್ಳೂರ್_ಬಸ್_ಪಾಸ್:
ಮೇಡಂ, ತಪ್ಪು ತಿಳ್ಕೋಬೇಡಿ, ಚೀಟ್ ಇಲ್ಲದೆ ಮುಗಿಸಿದೆ ಅನ್ನೋರನ್ನ ನಾನು ಇವತ್ತಿನವರೆಗೂ ಕಣ್ಣಾರೆ ಕಂಡಿಲ್ಲ.

ಅಕ್ಕನ_ಟರ್ನ್:
ಹಾಗಾದ್ರೆ ಕೇಳಿ. ನಮ್ಮದು ಹಾಸನ. ತಮ್ಮ ಮನೇಲಿ ಇದ್ದಷ್ಟು ಹೊತ್ತು ಕಂಪ್ಯೂಟರ್ ಮುಟ್ಟೋಕೆ ಬಿಡ್ತಿರಲಿಲ್ಲ, "ನಿಂಗೆ ಬರಲ್ಲ ಬಿಡೇ" ಅಂತ. ಅವನು ನಾಲ್ಕೂವರೆಗೆ ಬ್ಯಾಟ್ ಹಿಡ್ಕೊಂಡು ಹೋದ್ರೆ ಆರೂವರೆವರೆಗೆ ನಂದು. ಪಿಯುಸಿ ಮೊದಲನೇ ವರ್ಷ ಇಡೀ, ದಿನಕ್ಕೆ ಎರಡು ಗಂಟೆ ಅದೇ ಕೆಲಸ. ಗಣಿತದ ರಫ್ ಬುಕ್ಕಲ್ಲಿ ಪ್ರತಿ ಲೆವೆಲ್ಲಿನ ನಕ್ಷೆ ಬರೆದಿದ್ದೆ. ಮುಳ್ಳು ಎಲ್ಲಿ, ಪುಡಿಯಾಗೋ ಹಲಗೆ ಎಲ್ಲಿ, ಸುಳ್ಳು ಗೋಡೆ ಎಲ್ಲಿ.

ಎರಡನೇ ಲೆವೆಲ್ಲಿನ ಲೆ ರೋ, ನಾಲ್ಕನೆಯದರ ಕ್ಯಾಥರೀನ್, ಲೆವೆಲ್ ಕೊನೆಗೆ ಬರೋ ಈ ಇಬ್ಬರು ದೊಡ್ಡ ಶತ್ರುಗಳನ್ನ ಎಲ್ಲರೂ ಹೊಡೀತಾರೆ. ಕ್ಯಾಥರೀನ್ ಬುಗುರಿ ಥರ ತಿರುಗ್ತಾ ಬರ್ತಾಳೆ, ತಾಳ್ಮೆ ಇದ್ರೆ ಆಯ್ತು. ಆರನೆಯದರ ವುಲ್ವಿಂಗ್ಟನ್ ಹತ್ರ ಅರ್ಧ ಕರ್ನಾಟಕ ನಿಂತುಬಿಟ್ಟಿದೆ. ಅವನಿಂದ ದೂರ ಓಡಿದ್ರೆ ಮಂತ್ರದ ಕೋಲಿಂದ ಹೊಡೆದು ಮುಗಿಸ್ತಾನೆ. ನಾನು ಮೈಮೇಲೆ ಹೋಗಿ, ಅವನಿಗೆ ಕೋಲು ಎತ್ತೋಕೆ ಪುರುಸೊತ್ತು ಕೊಡದೆ ಹೊಡೆದೆ. ಏಳನೇ ಲೆವೆಲ್ಲಿನ ಕರಡಿ ನಾವಿಕರಿದಾರಲ್ಲ, ಅವರ ಹತ್ರ ಮಾತ್ರ ಹಾಗೆ ಮಾಡಬೇಡಿ. ಅಪ್ಪಿಕೊಂಡು ಹಿಂಡಿಬಿಡ್ತಾರೆ.

ನಿಜವಾಗಿ ಅಳಿಸಿದ್ದು 13ನೇ ಲೆವೆಲ್ಲಿನ ರೆಡ್ ಟೇಲ್. ಅವನು ಗಾಳಿ ಎಬ್ಬಿಸ್ತಾನೆ, ನಿಂತಲ್ಲೇ ಜಾರಿಕೊಂಡು ಹೋಗಿ ಮುಳ್ಳಿಗೆ ಬೀಳ್ತೀವಿ. ಗಾಳಿಗೆ ಎದುರಾಗಿ ಓಡ್ತಾನೇ ಇರಬೇಕು. ಬಲಗೈ ಬೆರಳಿಗೆ ಬೊಬ್ಬೆ ಬಂದಿತ್ತು, ಅಮ್ಮ ಕೇಳಿದ್ದಕ್ಕೆ ಪ್ರಾಕ್ಟಿಕಲ್ಸ್‌ನಲ್ಲಿ ಸುಟ್ಟುಕೊಂಡೆ ಅಂದೆ. ಕೊನೆಯ ಓಮರ್ ಅದಾದ ಮೇಲೆ ಅಷ್ಟು ಕಷ್ಟ ಅನ್ನಿಸಲಿಲ್ಲ.

ಮುಗಿದಾಗ ಮನೇಲಿ ಯಾರೂ ಇರಲಿಲ್ಲ. ತಮ್ಮ ಬಂದ ಮೇಲೆ ಹೇಳಿದೆ, ನಂಬಲಿಲ್ಲ. ಈಗಲೂ ನಂಬಿಲ್ಲ.

ಬೆಂಗ್ಳೂರ್_ಬಸ್_ಪಾಸ್:
ರೆಡ್ ಟೇಲ್ ಹೆಸರು ಹೇಳಿದ ತಕ್ಷಣ ವಾದ ವಾಪಸ್. ಕ್ಷಮಿಸಿ ಅಕ್ಕ.

ಸ್ಪೇಸ್‌ಬಾರ್_ಸೀನ:
@ಅಕ್ಕನ_ಟರ್ನ್ ಆ ರಫ್ ಬುಕ್ ಈಗಲೂ ಇದೆಯಾ??

ಅಕ್ಕನ_ಟರ್ನ್:
ರದ್ದಿಗೆ ಹೋಯ್ತು. ಕೆಜಿಗೆ ನಾಲ್ಕು ರೂಪಾಯಿ.

ಕುಡ್ಲದ_ಕಡ್ಲೆ:
ಅಯ್ಯೋ ದೇವರೇ.

ತುಮಕೂರ್_ತಟ್ಟೆಇಡ್ಲಿ:
ಇದು ಮೆಟ್ಟಿಲು ಹತ್ತಿ ಟ್ರೋಫಿ ತಗೊಂಡು ಬಾಗಿಲಿಗೆ ಹೋಗೋ ಗೇಮಾ? ಕೆಂಪು ಟೋಪಿ?

ಮೂರನೇ_ಬೆಂಚು:
ಅಣ್ಣ ಅದು ಡೇಂಜರಸ್ ಡೇವ್. ಅದರಲ್ಲಿ ಬೆಕ್ಕೇ ಇಲ್ಲ.

ಹಳೇ_ಮದರ್‌ಬೋರ್ಡ್:
ಡೇವ್ ಬರೆದಿದ್ದು ಜಾನ್ ರೊಮೇರೊ, ಆಮೇಲೆ ಡೂಮ್ ಮಾಡಿದ ತಂಡದಲ್ಲಿದ್ದವರು. ಹತ್ತು ಲೆವೆಲ್. ನಮ್ಮ ಕಂಪ್ಯೂಟರ್ ಕ್ಲಾಸುಗಳಲ್ಲಿ ಅದು ಪಠ್ಯಕ್ರಮದ ಭಾಗ ಅನ್ನೋ ಥರ ಇತ್ತು. ಎಂಎಸ್ ವರ್ಡ್, ಪೇಂಟ್, ಡೇವ್.

ತುಮಕೂರ್_ತಟ್ಟೆಇಡ್ಲಿ:
ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗ್ಬೇಕಿತ್ತು, ಕಂಪ್ಯೂಟರ್‌ಗೆ ಧೂಳು ಆಗತ್ತೆ ಅಂತ. ಆಮೇಲೆ ಮೌಸ್ ತಿರುಗಿಸಿ ಒಳಗಿನ ಗುಂಡು ತೆಗೆದು ಉಗುರಲ್ಲಿ ಕೊಳೆ ಕೆರೆಯೋದು. ಆ ಗುಂಡು ನಾನು ಎರಡು ಮನೆಗೆ ತಂದಿದೀನಿ.

ಲ್ಯಾಬ್_ಮೇಷ್ಟ್ರು:
ಗುಂಡು ಕದ್ದವರು ನೀವಾ! ನನ್ನ ಸಂಬಳದಲ್ಲಿ ಹಿಡಿದಿದ್ದರು.

ಪಾಯಿಂಟ್_ಕ್ಲಿಕ್_ಪಂಡಿತ:
ವಿಷಯಕ್ಕೆ ಬರೋಣವೇ? ಇದು ಕ್ಲಾ ಬಗ್ಗೆ ಇರೋ ಚರ್ಚೆ.

ಕುಡ್ಲದ_ಕಡ್ಲೆ:
ಪ್ಲಾಟ್‌ಫಾರ್ಮರ್ ಬಗ್ಗೆ ನಿಮಗೆಂತ ಅಷ್ಟು ಚಿಂತೆ ಈಗ?

ಅಬುಧಾಬಿ_ಆಚಾರಿ:
ನೈಟ್ ಶಿಫ್ಟಲ್ಲಿ ಕೂತು ಓದ್ತಿದೀನಿ. ಒಂದು ನೆನಪು: ಕೀಬೋರ್ಡ್ ಮುಟ್ಟದೆ ಸುಮ್ಮನೆ ಬಿಟ್ರೆ ಬೆಕ್ಕು ಬೇಜಾರಾಗಿ ತಾನೇ ಮಾತಾಡ್ತಿತ್ತು. ನಮಗೆ ಇಂಗ್ಲಿಷ್ ಅಷ್ಟು ಹಿಡಿತಿರಲಿಲ್ಲ. ಉಡುಪಿ ಕಡೆಯ ನಮ್ಮ ಅಜ್ಜಿ ಹಿಂದಿಂದ "ಅದಕ್ಕೆ ಹಸಿವೆಯಾ ಮಗಾ?" ಅಂತ ಕೇಳ್ತಿದ್ರು. ಒಂದು ದಿನ ನಾನು ಊಟಕ್ಕೆ ಎದ್ದು ಹೋಗಿ ಬಂದು ನೋಡಿದ್ರೆ ಅಜ್ಜಿ ಪರದೆ ಮುಂದೆ ಕೂತು ಅದರ ಜೊತೆ ತುಳುವಿನಲ್ಲಿ ಮಾತಾಡ್ತಿದ್ರು. ಎಂತ ಮಾತಾಡಿದ್ರಿ ಅಂದ್ರೆ "ಕೆಲವೆಲ್ಲ ನಿನಗೆ ಬೇಡ" ಅಂದ್ರು.

ಅಕ್ಕನ_ಟರ್ನ್:
ಈ ಇಡೀ ಚರ್ಚೆಯಲ್ಲಿ ಒಳ್ಳೇ ಪೋಸ್ಟ್ ಇದೇ.

ಹಳೇ_ಮದರ್‌ಬೋರ್ಡ್:
ಸೀನಣ್ಣ, ಕಪ್ಪು ಪರದೆಗೆ ಉತ್ತರ ಯಾರೂ ಹೇಳಲೇ ಇಲ್ಲ ನೋಡಿ. ಮೊದಲು ಕಂಟ್ರೋಲ್ ಪ್ಯಾನೆಲ್‌ನ ವಿಂಡೋಸ್ ಫೀಚರ್ಸ್‌ಗೆ ಹೋಗಿ, ಲೆಗಸಿ ಕಾಂಪೊನೆಂಟ್ಸ್ ಒಳಗೆ ಡೈರೆಕ್ಟ್‌ಪ್ಲೇಗೆ ಟಿಕ್ ಹಾಕಿ. ಅದರಲ್ಲೂ ಆಗದಿದ್ರೆ ಎರಡು ದಾರಿ. "ದಿ ಕ್ಲಾ ರೆಕ್ಲೂಸ್" ಅಂತ ಅಭಿಮಾನಿಗಳ ತಾಣ ಇದೆ, ಅಲ್ಲಿ ಕ್ರೇಜಿಹುಕ್ ಅನ್ನೋ ಪ್ಯಾಚ್ ಸಿಗುತ್ತೆ. ಜನ ಇವತ್ತಿಗೂ ಹೊಸ ಹೊಸ ಲೆವೆಲ್ ಕಟ್ಟಿ ಹಾಕ್ತಾ ಇದಾರೆ, ಅವೂ ಅಲ್ಲೇ ಇವೆ. ಇಲ್ಲಾಂದ್ರೆ ಓಪನ್‌ಕ್ಲಾ. ಆಟದ ಎಂಜಿನ್ನನ್ನೇ ಮೊದಲಿಂದ ಹೊಸದಾಗಿ ಬರೆದು ಓಪನ್ ಸೋರ್ಸ್ ಮಾಡಿದಾರೆ. ನಿಮ್ಮ ಸಿಡಿಯಲ್ಲಿ ಕ್ಲಾ ಡಾಟ್ ರೆಜ್ ಅಂತ ಒಂದು ದೊಡ್ಡ ಫೈಲ್ ಇರುತ್ತೆ. ಚಿತ್ರ, ಶಬ್ದ, ಲೆವೆಲ್ ಎಲ್ಲ ಅದರಲ್ಲೇ. ಅದನ್ನ ತಂದು ಓಪನ್‌ಕ್ಲಾ ಫೋಲ್ಡರ್‌ಗೆ ಹಾಕಿ.

ಬೆಂಗ್ಳೂರ್_ಬಸ್_ಪಾಸ್:
ಇಷ್ಟೆಲ್ಲ ಯಾಕೆ, ಕಂಪನಿಯವರೇ ಹೊಸದಾಗಿ ಬಿಟ್ರೆ ದುಡ್ಡು ಕೊಟ್ಟೇ ತಗೋತೀನಿ. ಆಗ ಕೊಡದೇ ಇದ್ದಿದ್ದೂ ಸೇರಿಸಿ.

ಹಳೇ_ಮದರ್‌ಬೋರ್ಡ್:
ಕೇಳಿದ್ರೆ ಬೇಜಾರಾಗುತ್ತೆ. ಮೋನೊಲಿತ್ ಆಮೇಲೆ ಫಿಯರ್ ಅನ್ನೋ ಗೇಮ್ ಮಾಡಿದ್ರು, 2014ರಲ್ಲಿ ಶ್ಯಾಡೋ ಆಫ್ ಮೊರ್ಡೋರ್ ಮಾಡಿದ್ರು. ವಾರ್ನರ್ ಬ್ರದರ್ಸ್ ಕೈಲಿತ್ತು ಕಂಪನಿ. 2025ರ ಫೆಬ್ರವರಿಯಲ್ಲಿ ಮುಚ್ಚೋದಾಗಿ ಹೇಳಿಬಿಟ್ರು. ಸುದ್ದಿಯಲ್ಲೆಲ್ಲ ಮೊರ್ಡೋರ್ ಬಗ್ಗೆಯೇ ಬರೆದ್ರು. ಬೆಕ್ಕಿನ ಹೆಸರು ಹುಡುಕಿ ಹುಡುಕಿ ಸಾಕಾಯ್ತು ನನಗೆ.

ಗಿರ್ಮಿಟ್_ಮಿರ್ಚಿ:
ಛೆ. ಒಂಬತ್ತ್ ಜೀವ ಅಂತ ಹೇಳಿದ್ರು.

ಪಾಯಿಂಟ್_ಕ್ಲಿಕ್_ಪಂಡಿತ:
ಒಪ್ಪಿಕೊಳ್ಳಬೇಕಾದ್ದು ಒಂದಿದೆ. ನಿನ್ನೆ ರಾತ್ರಿ ಸುಮ್ಮನೆ ಪರೀಕ್ಷೆ ಮಾಡೋಣ ಅಂತ ಓಪನ್‌ಕ್ಲಾ ಹಾಕಿದೆ. ಮಲಗಿದಾಗ ಎರಡೂವರೆ. ಮೊದಲ ಲೆವೆಲ್ಲಿನ ನಿಧಿ ಪೂರ್ತಿ ಸಿಕ್ಕಿಲ್ಲ, ಎಲ್ಲೋ ಒಂದು ಗೋಡೆ ತಪ್ಪಿಸ್ತಿದೀನಿ. ಯಾರಿಗಾದ್ರೂ ಗೊತ್ತಾ?

ಕುಡ್ಲದ_ಕಡ್ಲೆ:
ಹುಡುಕಿ ಮಾರಾಯ್ರೆ, ಒಗಟು ಬಿಡಿಸ್ಲಿಕ್ಕೆ ನಿಮಗೆ ಇಷ್ಟ ಅಲ್ವಾ.

ಸ್ಪೇಸ್‌ಬಾರ್_ಸೀನ:
ಎಲ್ಲರಿಗೂ ಥ್ಯಾಂಕ್ಸ್, ವಿಶೇಷವಾಗಿ ಮದರ್‌ಬೋರ್ಡ್ ಅವರಿಗೆ. ಡೈರೆಕ್ಟ್‌ಪ್ಲೇಯಿಂದ ಆಗಲಿಲ್ಲ, ಓಪನ್‌ಕ್ಲಾದಲ್ಲಿ ಓಡ್ತು. ಸಿಡಿ ಅಂಚಲ್ಲಿ ಗೀರು ಬಿದ್ದಿತ್ತು, ಆ ಫೈಲ್ ಕಾಪಿ ಆಗೋಕೆ ಮುಕ್ಕಾಲು ಗಂಟೆ ತಗೊಳ್ತು. ಡ್ರೈವ್ ಕುಯ್ ಕುಯ್ ಅಂತ ಅಳ್ತಿತ್ತು, ನಾನು ಪಕ್ಕದಲ್ಲಿ ಹೆರಿಗೆ ವಾರ್ಡಿನ ಹೊರಗೆ ನಿಂತವನ ಥರ ಓಡಾಡ್ತಿದ್ದೆ.

ಮಗಳಿಗೆ ಎಂಟು ವರ್ಷ. ಮೊದಲು ವಿಡಿಯೋ ತೋರಿಸಿ ಕಥೆ ಹೇಳೋಣ ಅಂತ ಹೊರಟೆ, "ಅಪ್ಪ ಅದೆಲ್ಲ ಆಮೇಲೆ" ಅಂದಳು. ನಾನೇ ಮೊದಲ ಸಲ ಬಾಣದ ಕೀಲಿ ಹಿಡಿದಿದ್ದೆ, ಇಷ್ಟು ವರ್ಷಕ್ಕೆ. ಗೊತ್ತಾಗಿದ್ದೇನಂದ್ರೆ ನನಗೆ ನಡೆಸೋಕೇ ಬರಲ್ಲ. ಮೊದಲ ಲೆವೆಲ್ಲಿನ ಲಾ ರೋಕಾ ಜೈಲಲ್ಲೇ ಐದು ಸಲ ಸತ್ತೆ. ಹಾರೋದು ಮಾತ್ರ ಒಂದೂ ತಪ್ಪಲಿಲ್ಲ, ಅದು ಬೆರಳಲ್ಲೇ ಇದೆ. ಅಣ್ಣನಿಗೆ ವಿಡಿಯೋ ಕಾಲ್ ಮಾಡಿದೆ. ಅವನೀಗ ಪುಣೆಯಲ್ಲಿದಾನೆ, ತಲೆ ಪೂರ್ತಿ ಬೋಳು. ಪರದೆ ನೋಡಿದವನೇ ನಮಸ್ಕಾರ ಚೆನ್ನಾಗಿದೀಯಾ ಏನೂ ಇಲ್ಲ, "ಹಾರು! ಹಾರೋ!" ಅಂತ ಕಿರುಚಿದ. ಹಾರಿಸಿದೆ.

ಆರನೇ ಸಲ ಸಾಯೋ ಹೊತ್ತಿಗೆ ಮಗಳು ಕುರ್ಚಿ ಎಳ್ಕೊಂಡು ಬಂದು ನನ್ನ ಕೈ ಪಕ್ಕಕ್ಕೆ ತಳ್ಳಿದಳು. "ಅಪ್ಪ, ನೀನು ಸ್ಪೇಸ್ ಒತ್ತು ಸಾಕು."

ಗಿರ್ಮಿಟ್_ಮಿರ್ಚಿ:
ಕಂಟ್ರೋಲ್ ಕೀಲಿ ಯಾರ್ ಹಿಡದಾರ?

ಸ್ಪೇಸ್‌ಬಾರ್_ಸೀನ:
ಹೆಂಡತಿ. ಏಣಿ ಹಿಡಿದಿದ್ದಕ್ಕೆ.